ಕಗ್ಗದೊಳಗಿನ ಯುದ್ಧ

ಮುಳಬಾಗಿಲಿನ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವನ್ನು ನಾವು ಮದುವೆಯ ಕರೆಯೋಲೆಗೂ ಬೀಳ್ಕೊಡುಗೆಯ ಭಾಷಣಕ್ಕೂ ಒಗ್ಗಿಸಿಕೊಂಡಿದ್ದೇವೆ. ಅದು ಬೆಳಕು ಕಂಡದ್ದು 1943ರಲ್ಲಿ ಎಂಬುದನ್ನು ಮಾತ್ರ ಮರೆತಿದ್ದೇವೆ. ಹಿಂದಿನ ವರ್ಷದ ಮಾರ್ಚಿಯಲ್ಲಿ ಜಪಾನೀಯರ ಸೇನೆ ಬ್ರಿಟಿಷರ ಬರ್ಮಾದೊಳಕ್ಕೆ ನುಗ್ಗಿ ರಂಗೂನನ್ನು ಹಿಡಿದಿತ್ತು. ಅಲ್ಲಿದ್ದ ಲಕ್ಷಾಂತರ ಭಾರತೀಯರು ಅರಕಾನ್, ಮಣಿಪುರಗಳ ಕಾಡುದಾರಿ ಹಿಡಿದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಇತ್ತ ಬರ್ಮಾ ಅಕ್ಕಿ ಬರುವುದು ನಿಂತಿತು.

ಕಣ್ಣೀರು ಸಲ್ಲಬೇಕಾದ ಕಡೆ ನೆತ್ತರು ಹೊಯ್ಯುವವರನ್ನು ಕಂಡು, ಭೂಮಿಯೇ ಕಟುಕನ ಜಗಲಿಯಾಯಿತೇ ಎಂದು ಕೊರಗುವ ಮುಕ್ತಕವೊಂದು ಕಗ್ಗದಲ್ಲಿದೆ. ರಂಗೂನಿನ ಹೆಸರು ಅದರಲ್ಲಿಲ್ಲ. ಅಂದಿನ ವಾಚಕನಿಗೆ ಬೇಕಾಗಿಯೂ ಇರಲಿಲ್ಲ. ಇಂದಿನವನಿಗೆ ಬೇಕು. ಇಲ್ಲವಾದರೆ ಆ ಪದ್ಯ ಬರಿಯ ವೇದಾಂತವಾಗಿ ಕೇಳಿಸುತ್ತದೆ.

ಒಂದು ಆಕ್ಷೇಪ ನನಗುಂಟು. ಹೊಸದಾಗಿ ನುಗ್ಗಿದವನನ್ನೂ, ಪರರ ನೆಲವನ್ನು ಮೊದಲೇ ಆಳುತ್ತಿದ್ದವನನ್ನೂ ಪದ್ಯ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಗಂಟು ಹೊತ್ತು ನಡೆದ ಕೂಲಿ ಅದರಲ್ಲಿ ಕಾಣುವುದೇ ಇಲ್ಲ. ಪತ್ರಿಕೆ ನಡೆಸಿ ನುರಿತ ಲೇಖನಿ ಇಲ್ಲಿ ಲೆಕ್ಕ ಕೇಳುವುದಿಲ್ಲ, ಸಂಕಟಪಡುತ್ತದೆ. ಆ ಸಂಕಟ ನಿಜವಾದದ್ದೇ, ಕಾವ್ಯವಾಗಿ ಗೆದ್ದದ್ದೂ ಹೌದು. ಆದರೂ ಅರಕಾನಿನ ದಾರಿಯಲ್ಲಿ ಬಿದ್ದವರ ಪರವಾಗಿ ಇಷ್ಟು ಕೇಳಿದರೆ ಕವಿಗೆ ಅಗೌರವವಾಗಲಾರದು.