ಕರುವಿನ ಸಾವು, ನಾಯಿಗಳ ಸಾವು

ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಪ್ರಾಣಿದಯೆಯನ್ನು ಕುರಿತು ಬರೆದ ಲೇಖನಗಳು ಜೈನ ಸಮಾಜವನ್ನು ಎರಡು ಬಾರಿ ಕಲಕಿದವು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು 60 ಬೀದಿನಾಯಿಗಳನ್ನು ಕೊಲ್ಲಿಸಿದಾಗ, ಕೊಲ್ಲುವುದು ಪಾಪವೆಂದು ಒಪ್ಪಿಕೊಂಡೇ ಗಾಂಧೀಜಿ ಅದನ್ನು ಅನಿವಾರ್ಯವೆಂದರು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ನರಳುತ್ತಿದ್ದ ಕರುವಿಗೆ ಚುಚ್ಚುಮದ್ದಿನಿಂದ ಮರಣ ಕೊಡಿಸಿ, ಅದು ಅಹಿಂಸೆಯೇ ಎಂದು ವಾದಿಸಿದರು.

ಈ ಎರಡು ವಾದಗಳ ನಡುವಣ ಅಂತರವೇ ಅವುಗಳ ಸತ್ವ. ಕರು ಸತ್ತದ್ದು ಕರುವಿನ ಹಿತಕ್ಕಾಗಿ. ನಾಯಿಗಳು ಸತ್ತದ್ದು ಊರಿನ ಹಿತಕ್ಕಾಗಿ. ಅಮೆರಿಕದ ಅನೇಕ ಪ್ರಾಣಿ ಆಶ್ರಯಗಳಲ್ಲಿ ಜಾಗ ಸಾಲದೆ ಆರೋಗ್ಯವಂತ ನಾಯಿ-ಬೆಕ್ಕುಗಳನ್ನು ಕೊಲ್ಲುವುದಕ್ಕೂ ‘ದಯಾಮರಣ’ವೆಂಬ ಹೆಸರಿದೆ. ಕರುವಿಗೆ ಸಲ್ಲುವ ಮಾತನ್ನು ಸ್ಥಳಾಭಾವಕ್ಕೆ ಹೊದಿಸುವುದು ಸತ್ಯವ್ರತಕ್ಕೂ ಭಂಗ.

ಗಾಂಧೀಜಿಯವರ ವಾದ ಸೋಲುವುದು ಬೇರೊಂದೆಡೆ. ಬೀದಿನಾಯಿಗಳು ಹೆಚ್ಚಲು ಸಮಾಜದ ಅಲಕ್ಷ್ಯವೇ ಕಾರಣವೆಂದು ಅವರೇ ದೂರುತ್ತಾರೆ. ಆದರೆ ದಂಡ ತೆರುವುದು ನಾಯಿ. ತಪ್ಪಿತಸ್ಥನನ್ನು ಗುರುತಿಸಿದ ಮೇಲೂ ನಿರಪರಾಧಿಗೆ ಶಿಕ್ಷೆ ವಿಧಿಸುವ ತರ್ಕವನ್ನು ‘ಅನಿವಾರ್ಯ’ ಎಂಬ ಪದ ಮುಚ್ಚಲಾರದು.

ಹೊಣೆ ಹೊರದೆ ತುತ್ತು ಎಸೆಯುವುದು ದಯೆಯಲ್ಲ ಎಂಬ ಅವರ ಆಕ್ಷೇಪಕ್ಕೆ ಮಾತ್ರ ಇಂದಿಗೂ ಉತ್ತರ ಕೊಡಬೇಕಾಗಿದೆ. ಕೊಲ್ಲದೆ ಸಂಖ್ಯೆಯನ್ನು ತಗ್ಗಿಸುವ ಸಂತಾನಹರಣ ಚಿಕಿತ್ಸೆಯ ಮಾರ್ಗವನ್ನು 2001ರ, ಅನಂತರ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ತೋರಿವೆ. ಪಾಂಜರಪೋಳಗಳಿಗೆ ಮೇವು, ಅನ್ನ ನೀಡುವ ಬಸದಿಗಳ ಟ್ರಸ್ಟುಗಳು ಈ ಚಿಕಿತ್ಸೆಯ ವೆಚ್ಚವನ್ನೂ ಜೀವದಯೆಯ ಲೆಕ್ಕಕ್ಕೆ ಸೇರಿಸಿದಾಗಲೇ ಆ ಆಕ್ಷೇಪಕ್ಕೆ ನಿಜವಾದ ಉತ್ತರ ದೊರೆತೀತು.