ಹಾಲಿವುಡ್ಡಿನ ಹಳೆಯ ಮೂಕಚಿತ್ರಗಳೂ ಔಚಿತ್ಯವಿಚಾರವೂ

ಅಮೆರಿಕಾ ದೇಶದ ಹಾಲಿವುಡ್ಡಿನಲ್ಲಿ ಚಲಚ್ಚಿತ್ರಕಲೆಯು ತಲೆಯೆತ್ತಿ ನೂರು ವರ್ಷಗಳು ಮೀರಿದುವು. ಮಾತಿಲ್ಲದ ಆ ಕಾಲದ ಚಿತ್ರಗಳಲ್ಲಿ ಬಹುಭಾಗವು ನಷ್ಟವಾಗಿದೆ. ಅಳಿದುಳಿದವುಗಳಲ್ಲಿ ಹಲವು ಜೀರ್ಣೋದ್ಧಾರವನ್ನು ಹೊಂದಿ ವಿದ್ಯಾಶಾಲೆಗಳಲ್ಲಿ ಪಾಠ್ಯವಸ್ತುಗಳಾಗಿವೆ. ಇವುಗಳನ್ನು ಇಂದಿನ ಕಣ್ಣಿನಿಂದ ನೋಡುವಾಗ ಒಂದು ಪ್ರಶ್ನೆ ಏಳುವುದು. ಅಂದು ಲಕ್ಷಾಂತರ ಜನರನ್ನು ಮುಗ್ಧಗೊಳಿಸಿದ ಕೃತಿಯಲ್ಲಿ ಇಂದು ಅನ್ಯಾಯವು ಕಂಡುಬಂದರೆ, ಆ ದೋಷವು ಕೃತಿಯದೋ, ನೋಡುವ ಕಣ್ಣಿನದೋ? ಹಳೆಯದನ್ನು ಹಳೆಯ ಕಾಲದ ಅಳತೆಯಿಂದಲೇ ಅಳೆಯಬೇಕೆಂಬುದು ಒಂದು ಪಕ್ಷ. ಅನ್ಯಾಯದ ಕೃತಿಯನ್ನು ಮೂಲೆಗೆ ಎಸೆಯಬೇಕೆಂಬುದು ಇನ್ನೊಂದು ಪಕ್ಷ. ಈ ಎರಡೂ ಪಕ್ಷಗಳು ಸಾಧುವಲ್ಲವೆಂಬುದನ್ನು ಮೂರು ಚಿತ್ರಗಳ ಪರಿಶೀಲನೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಪಾಶ್ಚಾತ್ಯ ಚಲಚ್ಚಿತ್ರದ ವಿಚಾರದಲ್ಲಿ ಭಾರತೀಯ ಅಲಂಕಾರಶಾಸ್ತ್ರಕ್ಕೆ ಅಧಿಕಾರವೆಲ್ಲಿಂದ ಬಂದಿತೆಂದು ಕೆಲವರು ಕೇಳಬಹುದು. ಮೂಕಚಿತ್ರವು ದೃಶ್ಯಕಾವ್ಯದ ಒಂದು ಭೇದ. ಅದರಲ್ಲಿ ವಾಚಿಕವು ಕೆಲವು ಅಕ್ಷರಫಲಕಗಳಿಗೆ ಇಳಿದು, ಆಂಗಿಕ, ಸಾತ್ವಿಕ, ಆಹಾರ್ಯಗಳೇ ಭಾರವನ್ನೆಲ್ಲ ಹೊರುವುವು. ಇಷ್ಟೇ ಅಲ್ಲದೆ, ಪ್ರಕೃತ ಪ್ರಶ್ನೆಗೆ ನೇರವಾಗಿ ಹೊಂದುವ ಒಂದು ಉಪಾಖ್ಯಾನವು ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿಯೇ ಇದೆ. ದೇವತೆಗಳು ದೈತ್ಯರನ್ನು ಗೆದ್ದ ವೃತ್ತಾಂತವನ್ನು ಭರತನು ಮೊತ್ತಮೊದಲು ಪ್ರಯೋಗಿಸಿದಾಗ ದೈತ್ಯರು ಕೆರಳಿ ವಿಘ್ನವನ್ನೊಡ್ಡಿದರು. ಮೊದಲು ಬಲಪ್ರಯೋಗವೇನೋ ನಡೆಯಿತು. ಆದರೆ ಕಡೆಗೆ ಬ್ರಹ್ಮನು ಸಾಮವನ್ನೇ ಹಿಡಿದು, ನಾಟ್ಯವು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವೆಂದು ಅವರನ್ನು ಸಮಾಧಾನಪಡಿಸಿದನು. ಸೋತವನೂ ಸಭೆಯಲ್ಲಿ ಕುಳಿತಿರುವ ಪ್ರೇಕ್ಷಕನೇ, ಅವನ ಆಕ್ಷೇಪಕ್ಕೆ ಉತ್ತರ ಕೊಡುವುದು ನಾಟ್ಯದ ಹೊಣೆಯೇ ಎಂಬುದು ಈ ಕಥೆಯ ತಾತ್ಪರ್ಯವೆಂದು ತೋರುವುದು. ಈ ತತ್ತ್ವವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳುವೆವು.

ಮೊದಲನೆಯದು ಡಿ. ಡಬ್ಲ್ಯು. ಗ್ರಿಫಿತ್ ನಿರ್ಮಿಸಿ 1915ರಲ್ಲಿ ಪ್ರಕಟಿಸಿದ ‘ದಿ ಬರ್ತ್ ಆಫ್ ಎ ನೇಷನ್’. ಸುಮಾರು ಮೂರು ಗಂಟೆಗಳ ಈ ಚಿತ್ರಕ್ಕೆ ಥಾಮಸ್ ಡಿಕ್ಸನ್ 1905ರಲ್ಲಿ ಬರೆದ ‘ದಿ ಕ್ಲಾನ್ಸ್‌ಮನ್’ ಎಂಬ ಕಾದಂಬರಿಯೇ ಮುಖ್ಯ ಆಧಾರ. 1861ರಿಂದ 1865ರವರೆಗೆ ನಡೆದ ಅಮೆರಿಕಾದ ಅಂತರ್ಯುದ್ಧ, ಅನಂತರ ದಾಸ್ಯವಿಮುಕ್ತರಾದ ಕಪ್ಪುಜನರಿಗೆ ಮತಾಧಿಕಾರ ದೊರೆತ ಪುನರ್ನಿರ್ಮಾಣಕಾಲ, ಇವೆರಡೂ ಇದರ ವಸ್ತು.

ಇದರ ಗುಣಗಳನ್ನು ಮರೆಮಾಚುವುದು ವಿಮರ್ಶಕನಿಗೆ ಉಚಿತವಲ್ಲ. ಯುದ್ಧದಲ್ಲಿ ಸೋತ ಮಗನು ಮನೆಗೆ ಮರಳುವ ಸಂದರ್ಭವನ್ನು ನೋಡಿರಿ. ತಂಗಿಯು ತನ್ನ ಹಳೆಯ ಉಡುಪಿಗೆ ಹತ್ತಿಯ ಎಸಳುಗಳನ್ನು ಅಂಟಿಸಿಕೊಂಡು ಬಡತನವನ್ನು ಮುಚ್ಚಿ ಅಣ್ಣನನ್ನು ಎದುರುಗೊಳ್ಳುವಳು. ಇಬ್ಬರೂ ನಗಲು ಹೋಗಿ ಅಳುವರು. ಬಳಿಕ ಬಾಗಿಲ ಬಳಿ ತಾಯಿಯ ತೋಳು ಮಾತ್ರ ಹೊರಕ್ಕೆ ಚಾಚಿ ಮಗನನ್ನು ಒಳಕ್ಕೆ ಸೆಳೆದುಕೊಳ್ಳುವುದು. ತಾಯಿಯ ಮುಖವು ಕಾಣುವುದೇ ಇಲ್ಲ. ಕಾಣದ ಮುಖದ ಅಷ್ಟೂ ಕರುಣವನ್ನು ಕಾಣುವ ತೋಳೊಂದು ವ್ಯಂಜಿಸುವುದು. ಇದಕ್ಕಿಂತ ಶುದ್ಧವಾದ ಧ್ವನಿಯ ಉದಾಹರಣೆಯು ದೃಶ್ಯಕಲೆಯಲ್ಲಿ ವಿರಳ. ಅಲ್ಲದೆ, ಬೇರೆಬೇರೆ ಎಡೆಗಳಲ್ಲಿ ಏಕಕಾಲಕ್ಕೆ ನಡೆಯುವ ಘಟನೆಗಳನ್ನು ತುಂಡುತುಂಡಾಗಿ ಹೆಣೆದು ತೋರಿಸುವ ಸಂಕಲನಕ್ರಮವನ್ನು ಗ್ರಿಫಿತ್ ಇಲ್ಲಿ ಪರಾಕಾಷ್ಠೆಗೆ ಒಯ್ದಿದ್ದಾನೆ. ಇತ್ತ ಗುಡಿಸಲಿನಲ್ಲಿ ಮುತ್ತಿಗೆಗೆ ಸಿಕ್ಕಿದ ಕುಟುಂಬ, ಅತ್ತ ಊರಿನಲ್ಲಿ ಸೆರೆಸಿಕ್ಕಿದ ಕನ್ಯೆ, ನಡುವೆ ಧಾವಿಸುವ ಅಶ್ವಾರೋಹಿಗಳು. ತುಂಡುಗಳು ಕಿರಿದಾಗುತ್ತ ಬಂದಂತೆಲ್ಲ ನೋಡುವವನ ಉಸಿರೂ ಕಿರಿದಾಗುವುದು.

ಆದರೆ ಆ ಅಶ್ವಾರೋಹಿಗಳು ಯಾರು? ಬಿಳಿಯ ಮುಸುಕನ್ನು ಹೊದ್ದು ಕಪ್ಪುಜನರನ್ನು ಹಿಂಸಿಸಿ ಕೊಂದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘದವರು. ಚಿತ್ರವು ಅವರನ್ನು ಧೀರೋದಾತ್ತರನ್ನಾಗಿ ಮಾಡಿರುವುದು. ಕಪ್ಪುಜನರ ಮುಖ್ಯ ಪಾತ್ರಗಳನ್ನು ಬಿಳಿಯ ನಟರೇ ಮುಖಕ್ಕೆ ಮಸಿ ಬಳಿದುಕೊಂಡು ಅಭಿನಯಿಸಿದ್ದಾರೆ. ದಕ್ಷಿಣ ಕೆರೊಲೈನಾ ಸಂಸ್ಥಾನದ ಶಾಸನಸಭೆಯ ದೃಶ್ಯದಲ್ಲಿ ಕಪ್ಪು ಸದಸ್ಯರು ಮದ್ಯವನ್ನು ಕುಡಿಯುತ್ತ, ಬರಿಗಾಲನ್ನು ಮೇಜಿನ ಮೇಲೆ ಚಾಚಿ ಕುಳಿತಿರುವರು. ಇದು ಐತಿಹಾಸಿಕ ಪ್ರತಿಕೃತಿಯೆಂದು ಅಕ್ಷರಫಲಕವು ಸಾರುವುದು. ಧನಂಜಯನು ದಶರೂಪಕದಲ್ಲಿ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ವಿಭಾಗಿಸಿದ್ದಾನೆ. ಇಲ್ಲಿ ಉತ್ಪಾದ್ಯವೇ ಪ್ರಖ್ಯಾತದ ವೇಷವನ್ನು ಧರಿಸಿದೆ. ಅದೆಂತೆಂದರೆ, ಆ ಸಂಸ್ಥಾನವು 1868ರ ತನ್ನ ಸಂವಿಧಾನದಲ್ಲಿ ಸಾರ್ವಜನಿಕ ಶಾಲೆಗಳ ಏರ್ಪಾಡನ್ನು ಅಂಗೀಕರಿಸಿತು. ಆ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಕಪ್ಪುಜನರೇ ಬಹುಸಂಖ್ಯಾತರು. ದಾಸನಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್ ಅಂಥವರಲ್ಲೊಬ್ಬ. ಇಂಥ ಸಭೆಯನ್ನು ಕುಡುಕರ ಕೂಟವಾಗಿ ಚಿತ್ರಿಸಿದುದು ಕವಿಸ್ವಾತಂತ್ರ್ಯವಲ್ಲ, ಕೂಟಸಾಕ್ಷ್ಯ. ನಿರ್ವಹಣಸಂಧಿಯಂತೂ ಇನ್ನೂ ಕಠೋರ. ಚುನಾವಣೆಯ ದಿನ ಕಪ್ಪುಜನರು ಮನೆಯಿಂದ ಹೊರಬಂದು, ಆಯುಧಪಾಣಿಗಳಾದ ಮುಸುಕಿನವರ ಸಾಲನ್ನು ಕಂಡು, ಹಿಂದಕ್ಕೆ ಸರಿದು ಬಾಗಿಲಿಕ್ಕಿಕೊಳ್ಳುವರು. ಚಿತ್ರದ ದೃಷ್ಟಿಯಲ್ಲಿ ಇದು ಮಂಗಳಾಂತ್ಯ.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಬರುವುದು. ‘ಅದು ಆ ಕಾಲದ ಧರ್ಮ, ಅಂದು ಯಾರಿಗೂ ತಪ್ಪೆಂದು ತೋರದುದನ್ನು ಇಂದು ನಾವು ತಪ್ಪೆನ್ನುವುದು ಅನ್ಯಾಯ’ ಎಂಬುದು ಅದರ ಸ್ವರೂಪ. ಈ ವಾದವು ಹೇತುವಿನಲ್ಲಿಯೇ ಅಸಿದ್ಧ. 1909ರಲ್ಲಿ ಸ್ಥಾಪಿತವಾಗಿದ್ದ, ಕಪ್ಪುಜನರ ಹಕ್ಕುಗಳನ್ನು ಕಾಯುವ ರಾಷ್ಟ್ರೀಯ ಸಂಘವು 1915ರಲ್ಲಿಯೇ ಈ ಚಿತ್ರವನ್ನು ಪ್ರತಿಭಟಿಸಿತು. ಬಾಸ್ಟನ್ ನಗರದಲ್ಲಿ ವಿಲಿಯಂ ಮನ್ರೋ ಟ್ರಾಟರ್ ಎಂಬ ಪತ್ರಿಕಾಕರ್ತನು ಪ್ರತಿಭಟನೆಗೆ ನಾಯಕನಾದನು. ಹಾಗಾದರೆ ‘ಯಾರಿಗೂ ತೋರಲಿಲ್ಲ’ ಎಂಬ ಮಾತಿನಲ್ಲಿ ‘ಯಾರಿಗೂ’ ಎಂಬ ಪದದೊಳಗೆ ಇವರು ಸೇರಲಿಲ್ಲವೇ? ಕಾಲಧರ್ಮದ ವಾದವು ಚಿತ್ರವು ಮಾಡಿದ ತಪ್ಪನ್ನೇ ಮತ್ತೊಮ್ಮೆ ಮಾಡುವುದು. ಅದು ಒಂದು ಜನವನ್ನು ಪ್ರೇಕ್ಷಕರ ಲೆಕ್ಕದಿಂದ ಹೊರಗಿಡುವುದು. ಚಿತ್ರದ ಪರಿಣಾಮವಾದರೂ ಕೇವಲ ರಂಜನೆಯಾಗಿ ನಿಲ್ಲಲಿಲ್ಲ. ಹಿಂದೆಯೇ ಅಡಗಿಹೋಗಿದ್ದ ಕ್ಲಾನ್ ಸಂಘವನ್ನು ವಿಲಿಯಂ ಸಿಮನ್ಸ್ ಎಂಬವನು ಅದೇ 1915ರ ನವೆಂಬರಿನಲ್ಲಿ ಜಾರ್ಜಿಯಾ ಸಂಸ್ಥಾನದ ಸ್ಟೋನ್ ಮೌಂಟನ್ ಎಂಬ ಬೆಟ್ಟದ ಮೇಲೆ ಪುನಃ ಸ್ಥಾಪಿಸಿದನು. ಅನಂತರದ ವರ್ಷಗಳಲ್ಲಿ ಆ ಸಂಘವು ಇದೇ ಚಿತ್ರವನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಆದಕಾರಣ ನಾವು ಇಂದು ‘ಆಧುನಿಕ ದೃಷ್ಟಿ’ ಎನ್ನುವುದು ಹೊಸದಾಗಿ ಹುಟ್ಟಿದುದಲ್ಲ. ಅದು ಅಂದು ಬಾಗಿಲ ಹೊರಗೆ ನಿಂತಿದ್ದವರ ದೃಷ್ಟಿ. ನಮಗೆ ತಡವಾಗಿ ದೊರೆತಿದೆ, ಅಷ್ಟೆ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಸೂಕ್ಷ್ಮವಾದುದು. ವ್ಯುತ್ಪತ್ತಿಯ ಕೊರತೆಯಿಂದಾದ ದೋಷವನ್ನು ಕವಿಯ ಶಕ್ತಿಯು ಮುಚ್ಚುವುದೆಂದು ಆನಂದವರ್ಧನನು ಒಪ್ಪಿದ್ದಾನೆ. ಜಗತ್ತಿನ ಮಾತಾಪಿತೃಗಳ ಶೃಂಗಾರವನ್ನು ವರ್ಣಿಸಿದ ಕಾಳಿದಾಸನೇ ಅಲ್ಲಿ ನಿದರ್ಶನ. ಹಾಗಿದ್ದರೆ ಗ್ರಿಫಿತ್ತನ ಶಕ್ತಿಯು ಅವನ ದೋಷವನ್ನು ಏಕೆ ಮುಚ್ಚಬಾರದು? ಇದಕ್ಕೆ ಸಮಾಧಾನ ಹೀಗೆ. ಕುಮಾರಸಂಭವದ ಸಂದರ್ಭದಲ್ಲಿ ಅನೌಚಿತ್ಯವು ವರ್ಣನೆಯ ಮರ್ಯಾದೆಗೆ ಸಂಬಂಧಿಸಿದುದು. ಅದರಿಂದ ಯಾವ ಪ್ರೇಕ್ಷಕನೂ ಹೊರಗಾಗುವುದಿಲ್ಲ. ಇಲ್ಲಿಯಾದರೋ ಅನೌಚಿತ್ಯವು ರಸದ ಆಲಂಬನದಲ್ಲಿಯೇ ನೆಲಸಿದೆ. ಧಾವಿಸುವ ಕುದುರೆಗಳ ದೃಶ್ಯದಲ್ಲಿ ಉತ್ಸಾಹವನ್ನು ಹೊಂದಬೇಕಾದರೆ, ತುಳಿಯಲ್ಪಡುವವನು ಮನುಷ್ಯನಲ್ಲವೆಂದು ಮೊದಲು ನಂಬಬೇಕು. ತುಳಿಯಲ್ಪಡುವ ಜನದವನೇ ಪ್ರೇಕ್ಷಕನಾದರೆ ಅವನಿಗೆ ತನ್ಮಯೀಭಾವವು ಸಾಧ್ಯವೇ ಇಲ್ಲ. ಅವನು ಸಹೃದಯನಾಗಬೇಕಾದರೆ ತನ್ನ ಹೃದಯವನ್ನೇ ಬಿಡಬೇಕು. ಸಾಧಾರಣೀಕರಣಕ್ಕೆ ಅವಕಾಶವಿಲ್ಲದೆಡೆಯಲ್ಲಿ ಹುಟ್ಟುವುದು ವೀರರಸವಲ್ಲ, ವೀರದ ಆಭಾಸ. ಶಕ್ತಿಯು ಇಲ್ಲಿ ದೋಷವನ್ನು ಮುಚ್ಚಲಿಲ್ಲ, ದೋಷಕ್ಕೆ ಬಲವನ್ನು ಕೊಟ್ಟಿತು. ಅದೇ ಚಿತ್ರದ ತಾಯಿಯ ತೋಳಿನ ದೃಶ್ಯದಲ್ಲಿಯಾದರೋ ಕರುಣವು ಇಂದಿಗೂ ಅಖಂಡವಾಗಿದೆ. ಅಲ್ಲಿ ಅಳುವುದಕ್ಕೆ ಯಾರನ್ನೂ ದ್ವೇಷಿಸಬೇಕಾಗಿಲ್ಲ.

ಈ ವಿವೇಚನೆಯು ಸರಿಯೆಂಬುದಕ್ಕೆ ಪ್ರಮಾಣವು ಆಸ್ಕರ್ ಮಿಷೋ ಎಂಬ ಕಪ್ಪು ನಿರ್ದೇಶಕನ ‘ವಿದಿನ್ ಅವರ್ ಗೇಟ್ಸ್’ ಎಂಬ ಚಿತ್ರದಲ್ಲಿ ಸಿಕ್ಕುವುದು. ಇದು ಹಾಲಿವುಡ್ಡಿನ ಹೊರಗೆ ನಿರ್ಮಿತವಾಗಿ 1920ರ ಜನವರಿಯಲ್ಲಿ ಷಿಕಾಗೋ ನಗರದಲ್ಲಿ ತೆರೆಕಂಡಿತು. ಆ ನಗರದಲ್ಲಿ 1919ರಲ್ಲಿ ಜನಾಂಗಕಲಹವು ನಡೆದಿದ್ದುದರಿಂದ ಇದರ ಪ್ರದರ್ಶನವನ್ನು ತಡೆಯಲು ಯತ್ನಗಳಾದುವು. ಬಹುಕಾಲ ನಷ್ಟವಾಯಿತೆಂದು ಭಾವಿಸಲಾಗಿದ್ದ ಈ ಕೃತಿಯ ಒಂದು ಪ್ರತಿಯು ಸ್ಪೇನ್ ದೇಶದಲ್ಲಿ ದೊರೆತು, 1993ರಲ್ಲಿ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಉದ್ಧೃತವಾಯಿತು. ದಕ್ಷಿಣದ ಕಪ್ಪುಮಕ್ಕಳ ಶಾಲೆಗಾಗಿ ಧನವನ್ನು ಕೂಡಿಸಲು ಉತ್ತರಕ್ಕೆ ಹೋಗುವ ಸಿಲ್ವಿಯಾ ಎಂಬ ಉಪಾಧ್ಯಾಯಿನಿಯು ಇದರ ನಾಯಿಕೆ.

ಮಿಷೋ ಗ್ರಿಫಿತ್ತನ ಸಂಕಲನಕ್ರಮವನ್ನೇ ಹಿಡಿದು ಅದರ ಮುಖವನ್ನು ತಿರುಗಿಸಿದ್ದಾನೆ. ಇಲ್ಲಿ ಒಂದೆಡೆ ನಿರಪರಾಧಿಗಳಾದ ಸಿಲ್ವಿಯಾಳ ಸಾಕುತಂದೆತಾಯಿಗಳನ್ನು ಬಿಳಿಯರ ಗುಂಪು ನೇಣುಹಾಕುವುದು. ಇನ್ನೊಂದೆಡೆ ಬಿಳಿಯನೊಬ್ಬನು ಸಿಲ್ವಿಯಾಳ ಮೇಲೆ ಬಲಾತ್ಕಾರಕ್ಕೆ ತೊಡಗುವನು. ಎರಡನ್ನೂ ಹೆಣೆದು ತೋರಿಸಿದೆ, ಆದರೆ ರಕ್ಷಿಸಲು ಯಾವ ಕುದುರೆಯೂ ಬರುವುದಿಲ್ಲ. ಅವಳ ಎದೆಯ ಮೇಲಣ ಗಾಯದ ಕಲೆಯನ್ನು ಕಂಡು ಆ ಬಿಳಿಯನು ಇವಳು ತನ್ನ ಮಗಳೇ ಎಂದು ಗುರುತಿಸಿ ಹಿಮ್ಮೆಟ್ಟುವನು. ಅಭಿಜ್ಞಾನವೆಂದೊಡನೆ ನಮಗೆ ಶಾಕುಂತಲದ ಉಂಗುರವು ನೆನಪಾಗುವುದು. ಅಲ್ಲಿ ಗುರುತು ಪುನರ್ಮಿಲನಕ್ಕೆ ಬೀಜ. ಇಲ್ಲಿ ಗುರುತು ಒಂದು ಸಮಾಜವು ಮುಚ್ಚಿಟ್ಟ ಪಾಪದ ಸಾಕ್ಷಿ. ಕಪ್ಪುಜನರಿಂದ ಬಿಳಿಯ ಸ್ತ್ರೀಯರಿಗೆ ಅಪಾಯವೆಂದು ಗ್ರಿಫಿತ್ ಕೂಗಿದನಷ್ಟೆ. ಆ ಕೂಗಿಗೆ ಇದಕ್ಕಿಂತ ತಕ್ಕ ಪ್ರತ್ಯುತ್ತರವನ್ನು ವಾದದಿಂದ ಕೊಡಲಾಗದು.

ಈ ಚಿತ್ರದ ನೆಡ್ ಎಂಬ ಮುದಿ ಬೋಧಕನ ಪ್ರಸಂಗವೂ ಗಮನಾರ್ಹ. ಬಿಳಿಯ ದೊಡ್ಡಮನುಷ್ಯರ ಮುಂದೆ ಇವನು ಹಲ್ಲುಕಿರಿದು, ಅವರು ಒದ್ದರೂ ನಗುತ್ತ ಹೊರಬರುವನು. ಬಾಗಿಲು ಮುಚ್ಚಿದೊಡನೆ ನಗೆಯು ಮುಖದಿಂದ ಕಳಚಿಬೀಳುವುದು. ತನ್ನ ಜನಕ್ಕೆ ತಾನು ದ್ರೋಹ ಬಗೆದೆನೆಂಬ ಗ್ಲಾನಿಯು ಅಲ್ಲಿ ಮೂಡುವುದು. ಮಸಿ ಬಳಿದ ಮುಖಗಳಿಂದ ಬರಿಯ ಅಪಹಾಸವನ್ನು ಹೊರಡಿಸಿದ ಚಿತ್ರಕ್ಕೂ, ಆ ಅಪಹಾಸದ ಹಿಂದಣ ಸಾತ್ವಿಕವನ್ನು ತೋರಿದ ಚಿತ್ರಕ್ಕೂ ಇರುವ ಅಂತರವು ಇಲ್ಲಿ ಸ್ಫುಟವಾಗುವುದು. ಉಳಿದ ಪ್ರತಿಯಲ್ಲಿ ಲೋಪಗಳಿವೆ, ಕಥಾಸಂವಿಧಾನವು ಅಲ್ಲಲ್ಲಿ ಶಿಥಿಲವಾಗಿದೆ, ನಿಜ. ಶಿಲ್ಪದಲ್ಲಿ ಗ್ರಿಫಿತ್ತನೇ ಮೇಲು. ಔಚಿತ್ಯದಲ್ಲಿ ಮಿಷೋವೇ ಮೇಲು. ಒಂದೇ ಉಪಾಯವು ಇಬ್ಬರ ಕೈಯಲ್ಲಿ ಎರಡು ಫಲಗಳನ್ನು ಕೊಟ್ಟಿತಾದುದರಿಂದ ದೋಷವು ಉಪಾಯದಲ್ಲಿ ಇಲ್ಲವೆಂದು ಸಿದ್ಧವಾಯಿತು.

ಇನ್ನು ಸೋತ ಪಕ್ಷದ ಕಥೆಯನ್ನು ಹೇಳುವುದೇ ತಪ್ಪೋ ಎಂಬ ಶಂಕೆಯು ಉಳಿಯುವುದು. ಅಲ್ಲವೆಂಬುದಕ್ಕೆ ನಮ್ಮ ರನ್ನನೇ ಸಾಕ್ಷಿ. ಗದಾಯುದ್ಧದಲ್ಲಿ ದುರ್ಯೋಧನನಿಗೆ ಎಂಥ ಮಹತ್ತ್ವವನ್ನು ಕೊಟ್ಟಿದ್ದಾನೆ! ಆದರೂ ದ್ರೌಪದಿಯ ಮಾನಭಂಗವನ್ನು ಅವನು ಮರೆಸಲಿಲ್ಲ. ಈ ಅಳತೆಯಿಂದ ಬಸ್ಟರ್ ಕೀಟನ್ನನ ‘ದಿ ಜನರಲ್’ ಎಂಬ 1926ರ ಹಾಸ್ಯಚಿತ್ರವನ್ನು ನೋಡೋಣ. 1862ರ ಏಪ್ರಿಲಿನಲ್ಲಿ ಉತ್ತರ ಪಕ್ಷದವರು ಜಾರ್ಜಿಯಾದಲ್ಲಿ ‘ಜನರಲ್’ ಎಂಬ ರೈಲು ಎಂಜಿನ್ನನ್ನು ಅಪಹರಿಸಿದುದು ಐತಿಹಾಸಿಕ ಘಟನೆ. ಅಪಹರಿಸಿದವರಲ್ಲಿ ಒಬ್ಬನಾದ ವಿಲಿಯಂ ಪಿಟ್ಟೆಂಜರ್ ಬರೆದ ವೃತ್ತಾಂತವೇ ಚಿತ್ರಕ್ಕೆ ಮೂಲವಾದರೂ, ಕೀಟನ್ ಕಥೆಯನ್ನು ತಿರುಗಿಸಿ ದಕ್ಷಿಣ ಪಕ್ಷದ ಎಂಜಿನ್ ಚಾಲಕನನ್ನು ನಾಯಕನನ್ನಾಗಿ ಮಾಡಿದನು. ಸೇತುವೆ ಮುರಿದು ನಿಜವಾದ ರೈಲೇ ಹೊಳೆಗೆ ಬೀಳುವ ದೃಶ್ಯವಿರುವ ಈ ಚಿತ್ರದಲ್ಲಿ ಹಾಸ್ಯಕ್ಕೆ ಆಲಂಬನವು ಮನುಷ್ಯನೊಬ್ಬನೂ ಅವನ ಎಂಜಿನ್ನೂ. ಆ ನಗೆಗಾಗಿ ಯಾರನ್ನೂ ತುಳಿಯಬೇಕಾಗಿಲ್ಲ, ಆದಕಾರಣ ಹಾಸ್ಯವು ಇಂದಿಗೂ ಕೆಟ್ಟಿಲ್ಲ. ಆದರೆ ಯುದ್ಧಕ್ಕೆ ಮೂಲವಾದ ದಾಸ್ಯದ ವಿಷಯದಲ್ಲಿ ಚಿತ್ರವು ಮೌನಿ. ಅದೇ 1862ರ ಮೇ ತಿಂಗಳಲ್ಲಿ, ಮೇಲೆ ಹೇಳಿದ ರಾಬರ್ಟ್ ಸ್ಮಾಲ್ಸ್ ಚಾರ್ಲ್ಸ್‌ಟನ್ ಬಂದರಿನಿಂದ ದಕ್ಷಿಣ ಪಕ್ಷದ ‘ಪ್ಲಾಂಟರ್’ ಎಂಬ ಹಡಗನ್ನೇ ನಡೆಸಿಕೊಂಡು ಹೋಗಿ ತನ್ನ ಕುಟುಂಬದೊಡನೆ ಸ್ವತಂತ್ರನಾದನು. ಎಂಜಿನ್ನಿನ ಸಾಹಸವನ್ನು ಹಾಲಿವುಡ್ ಹಾಡಿತು. ಹಡಗಿನ ಸಾಹಸವನ್ನು ಆ ಕಾಲದ ಹಾಲಿವುಡ್ ಹಾಡಲಿಲ್ಲ. ರನ್ನನು ಮರೆಸದೆ ಉಳಿಸಿಕೊಂಡುದನ್ನು ಕೀಟನ್ ಬಿಟ್ಟುಬಿಟ್ಟನು. ಇದು ನ್ಯೂನತೆ; ಗ್ರಿಫಿತ್ತನದು ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಯಲ್ಲ.

ಈ ವಿಚಾರದಿಂದ ಸಾಹಿತ್ಯವನ್ನು ಬೋಧಿಸುವವರಿಗೆ ದೊರೆಯುವ ಫಲವಿಷ್ಟು. ಗ್ರಿಫಿತ್ತನ ಚಿತ್ರವನ್ನು ಬಚ್ಚಿಡಬಾರದು. ಬಚ್ಚಿಟ್ಟರೆ ಸುಳ್ಳು ಹೇಗೆ ಸುಂದರವಾಗುವುದೆಂಬ ಪಾಠವೇ ತಪ್ಪಿಹೋಗುವುದು. ಅದನ್ನು ಒಂಟಿಯಾಗಿಯೂ ತೋರಿಸಬಾರದು. ತೋರಿಸಿದಲ್ಲಿ ಮಿಷೋವಿನ ಚಿತ್ರವು ಒಡನೆಯೇ ಇರತಕ್ಕದ್ದು. ವಿದ್ಯಾರ್ಥಿಯು ತಾಯಿಯ ತೋಳನ್ನು ಕಂಡು ಕರಗಲಿ, ಕುದುರೆಗಳ ಓಟದಲ್ಲಿ ತನ್ನ ಉಸಿರು ಬಿಗಿಯುವುದನ್ನು ತಾನೇ ಅರಿಯಲಿ, ಅನಂತರ ಆ ಉಸಿರನ್ನು ಯಾರ ಬೆಲೆಯಿಂದ ಬಿಗಿಸಿದರೆಂದು ಕೇಳಲಿ. ಯಾವ ಪ್ರೇಕ್ಷಕನನ್ನು ಹೊರಗಟ್ಟಿದ್ದರಿಂದ ಈ ರಸವು ಸಾಧ್ಯವಾಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಇದು ಅಮೆರಿಕಾದ ಮೂಕಚಿತ್ರಗಳಿಗೆ ಮಾತ್ರ ಮೀಸಲಾದ ಪ್ರಶ್ನೆಯಲ್ಲ. ನಮ್ಮ ಕಾವ್ಯಪುರಾಣಗಳನ್ನು ಪಾಠ ಹೇಳುವಾಗಲೂ, ಅವುಗಳಲ್ಲಿ ನಗೆಗೂ ಹೇಸಿಕೆಗೂ ಗುರಿಯಾದ ಜನದ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುವರೆಂಬುದನ್ನು ಉಪಾಧ್ಯಾಯನು ನೆನೆಯತಕ್ಕದ್ದು. ಅವರ ಆಕ್ಷೇಪವನ್ನು ವಿಘ್ನವೆಂದು ಎಣಿಸದೆ, ಬ್ರಹ್ಮನು ಮಾಡಿದಂತೆ ಕರೆದು ಕೇಳಿ ಉತ್ತರ ಕೊಡುವುದೇ ಶಾಸ್ತ್ರಸಮ್ಮತವಾದ ಮಾರ್ಗ.