ದಾಕ್ಷಿಣ್ಯದ ಬಿಲ್

2025ರ ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ಊಟಕ್ಕೆ ಬಂದಿದ್ದ ಗೆಳೆಯ ಕೈ ತೊಳೆದು ಬಂದವನೇ, ‘ನಿಮ್ಮ ಕರೆಂಟು, ಗ್ಯಾಸಿನ ಬಿಲ್ ತೋರ್ಸೋ, ವರ್ಷಕ್ಕೆ ನಾಲ್ಕುನೂರು ಪೌಂಡ್ ಉಳಿಸಿಕೊಡ್ತೀನಿ’ ಎಂದ. ಗ್ರಾಹಕರನ್ನು ಸೇರಿಸಿದರೆ ಕಂಪನಿಯಿಂದ ತನಗೆ ಕಮಿಷನ್ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿಳಿದಾಗ ಬಾಡಿಗೆ ಮನೆ ಹುಡುಕಿಕೊಟ್ಟವನು, ಮಗಳ ಶಾಲೆಯ ಅರ್ಜಿಗೆ ಜೊತೆ ಕೂತವನು ಇವನೇ. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ಈ ಮಾರಾಟದ ಪದ್ಧತಿಯ ಬಗ್ಗೆ.

ಬೆಂಗಳೂರಿನ ಮನೆಗೆ ಬೆಸ್ಕಾಂ, ಹುಬ್ಬಳ್ಳಿಯ ಮನೆಗೆ ಹೆಸ್ಕಾಂ. ಅಲ್ಲಿ ಆಯ್ಕೆಯ ಮಾತೇ ಇಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯಿಂದ ಪ್ರತಿ ಮನೆಯೂ ತನ್ನ ಕರೆಂಟು, ಗ್ಯಾಸಿನ ಕಂಪನಿಯನ್ನು ತಾನೇ ಆರಿಸಿಕೊಳ್ಳಬಹುದು. ಹೊಸದಾಗಿ ಬಂದವರಿಗೆ ಇದು ಅರ್ಥವಾಗಲು ಸಮಯ ಹಿಡಿಯುತ್ತದೆ. ಕಂಪನಿ ಬದಲಾದರೂ ತಂತಿ ಅದೇ, ಪೈಪು ಅದೇ, ಒಲೆಯ ಉರಿಯೂ ಅದೇ. ಬದಲಾಗುವುದು ದರ, ಬಿಲ್ಲಿನ ಮೇಲಿನ ಹೆಸರು, ಮತ್ತು ಬಿಲ್ಲಿನಲ್ಲಿ ತೊಂದರೆಯಾದಾಗ ಫೋನ್ ಎತ್ತುವವರು. ಮಾರುವವನ ಕೈಯಲ್ಲಿರುವುದು ಇಷ್ಟೇ ಆದ್ದರಿಂದ ದರದ ಲೆಕ್ಕವೇ ಇಲ್ಲಿ ಮುಖ್ಯ.

ಗೆಳೆಯ ತನ್ನ ಹಾಳೆಯಲ್ಲಿ ಎರಡು ಅಂಕಿ ಬರೆದಿದ್ದ: 1,849 ಮತ್ತು 1,455. ಮೊದಲನೆಯದು ಆ ಏಪ್ರಿಲ್‌ನಿಂದ ಜೂನ್‌ವರೆಗೆ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಪ್ರಕಟಿಸಿದ್ದ ‘ಪ್ರೈಸ್ ಕ್ಯಾಪ್’, ಪೌಂಡ್‌ಗಳಲ್ಲಿ. ಎರಡನೆಯದು ಅವನ ಕಂಪನಿಗೆ ಬಂದರೆ ನಮಗಾಗುವ ವರ್ಷದ ಖರ್ಚು. ಕಳೆದರೆ ಹೆಚ್ಚುಕಡಿಮೆ ನಾಲ್ಕುನೂರು. ತಪ್ಪು ಅಡಗಿದ್ದು ಮೊದಲ ಅಂಕಿಯಲ್ಲಿ. 2019ರ ಜನವರಿಯಿಂದ ಜಾರಿಯಲ್ಲಿರುವ ಈ ಮಿತಿ ಒಟ್ಟು ಬಿಲ್ಲಿನ ಮೇಲೆ ಅಲ್ಲ, ಯೂನಿಟ್ ದರ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜ್ ಮೇಲೆ. ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಸುಡುವ ಮನೆಯನ್ನು ಮಾದರಿಯಾಗಿ ಹಿಡಿದು ಹೇಳಿದ ಅಂಕಿ ಅದು.

ನಮ್ಮದು ಸಣ್ಣ ಮನೆ. ಕರೆಂಟು 2,300, ಗ್ಯಾಸು 8,000 ಯೂನಿಟ್. ಆ ಅವಧಿಯ ಸರಾಸರಿ ದರ ಕರೆಂಟಿಗೆ ಯೂನಿಟ್‌ಗೆ 27.03 ಪೆನ್ಸ್, ದಿನಕ್ಕೆ 53.80, ಗ್ಯಾಸಿಗೆ 6.99 ಮತ್ತು 32.67. ಗುಣಿಸಿ ಕೂಡಿಸಿದರೆ ಸುಮಾರು 1,497 ಪೌಂಡ್. ಅಂದರೆ ಏನೂ ಬದಲಿಸದೆ ಸುಮ್ಮನೆ ಕೂತರೂ ನಾವು 1,849 ಕೊಡುತ್ತಿರಲಿಲ್ಲ. ನಿಜವಾದ ಉಳಿತಾಯ ನಲವತ್ತೆರಡು ಪೌಂಡ್. ಅದೂ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲನ್ನು ಅದೇ ಕಂಪನಿಗೆ ಒಯ್ದರೆ ಮಾತ್ರ. ನಮ್ಮ ಬ್ರಾಡ್‌ಬ್ಯಾಂಡ್ ಒಪ್ಪಂದ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ದಂಡ ಈ ನಲವತ್ತೆರಡನ್ನು ನುಂಗಿ ಮೇಲೂ ಕೇಳುತ್ತಿತ್ತು.

ಗೆಳೆಯ ಸುಳ್ಳು ಹೇಳಲಿಲ್ಲ. ಕಂಪನಿಯ ತರಬೇತಿಯಲ್ಲಿ ಕಲಿಸಿದ್ದನ್ನೇ ಹೇಳಿದ. ನಮ್ಮ ಹಳೆಯ ಬಿಲ್ಲಿನಲ್ಲಿರುವ ಯೂನಿಟ್‌ಗಳನ್ನು ಎರಡೂ ದರಕ್ಕೆ ಗುಣಿಸಿ ನೋಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದರಿಂದ ಕಲಿಸುವವರಿಗೆ ಲಾಭವೂ ಇಲ್ಲ.

ಕಮಿಷನ್ ಎಂಬ ಕಾರಣಕ್ಕೇ ಒಂದು ಮಾರಾಟವನ್ನು ತಳ್ಳಿಹಾಕುವವನಲ್ಲ ನಾನು. ದರ ಹೋಲಿಸುವ ಜಾಲತಾಣಗಳೂ ಕಮಿಷನ್ನಿನ ಮೇಲೇ ಬದುಕುತ್ತವೆ. ಟೀವಿ ಜಾಹೀರಾತಿನ ದುಡ್ಡೂ ನಮ್ಮ ಬಿಲ್ಲಿನಿಂದಲೇ ಹೋಗುತ್ತದೆ. 1996ರಲ್ಲಿ ಶುರುವಾದ ಟೆಲಿಕಾಂ ಪ್ಲಸ್ ಕಂಪನಿ ‘ಯುಟಿಲಿಟಿ ವೇರ್‌ಹೌಸ್’ ಹೆಸರಿನಲ್ಲಿ ಕರೆಂಟು, ಗ್ಯಾಸು, ಫೋನು, ವಿಮೆಗಳನ್ನು ಒಂದೇ ಬಿಲ್ಲಿಗೆ ತಂದು, ಹೆಚ್ಚಾಗಿ ಬಾಯಿಂದ ಬಾಯಿಗೆ ಮಾರುವ ‘ಪಾರ್ಟ್ನರ್’ಗಳನ್ನೇ ನೆಚ್ಚಿ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಗಳಿಸಿದೆ. ನನ್ನ ಗೆಳೆಯ ಬೇರೆ ಕಂಪನಿಯವನು. ಆದರೆ ಈ ಬಗೆಯ ವ್ಯಾಪಾರ ಕಾನೂನಿನ ಒಳಗೇ, ಬಯಲಲ್ಲೇ ನಡೆಯುವಂಥದ್ದು ಎಂಬುದಕ್ಕೆ ಆ ಹೆಸರು ಸಾಕು.

ಇದರಿಂದ ಒಳ್ಳೆಯದಾಗುವವರೂ ಇದ್ದಾರೆ. 2016ರಲ್ಲಿ ಇಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆ ಮುಗಿಸಿದಾಗ, ಆರು ದೊಡ್ಡ ಕಂಪನಿಗಳ ಮನೆ ಗ್ರಾಹಕರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿ ಯಾವ ಆಯ್ಕೆಯನ್ನೂ ಮಾಡದೆ ದುಬಾರಿ ದರದಲ್ಲೇ ಉಳಿದಿದ್ದರು. ನಮ್ಮ ಬೀದಿಯ ಕೊನೆಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಕಂಪ್ಯೂಟರ್ ಬರುವುದಿಲ್ಲ. ಫೋನಿನಲ್ಲಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಕೇಳಿದರೇ ಅವರಿಗೆ ಗಾಬರಿ. ಗೆಳೆಯ ಅವರ ಮನೆಗೆ ಹೋಗಿ ಮೀಟರ್ ಓದಿ ಬರೆದುಕೊಂಡು ಬರುತ್ತಾನೆ, ಬಿಲ್ ಬಂದಾಗ ಕೂತು ವಿವರಿಸುತ್ತಾನೆ. ಅವನಿಗೆ ಸಿಗುವ ಕಮಿಷನ್ ಅಲ್ಲಿ ನ್ಯಾಯವಾದ ಕೂಲಿ.

ನನಗೆ ಒಪ್ಪಿಗೆಯಾಗದ್ದು ಎರಡು. ಒಂದು, ಕಟ್ಟು. ನಾಲ್ಕು ಸೇವೆ ಒಂದೇ ಡೈರೆಕ್ಟ್ ಡೆಬಿಟ್‌ನಲ್ಲಿ ಹೋದರೆ ಯಾವುದರ ದರ ಏರಿತು ಎಂದು ಕಣ್ಣಿಗೆ ಬೀಳುವುದಿಲ್ಲ. ಏರಿದ್ದು ಕಂಡು ಒಂದನ್ನು ಬಿಡಹೊರಟರೆ ಉಳಿದ ಮೂರರ ರಿಯಾಯಿತಿಯೂ ಕಳಚಿಕೊಳ್ಳುತ್ತದೆ. 2022ರಿಂದ ಕರೆಂಟು ಗ್ಯಾಸಿನ ಕಂಪನಿಯನ್ನು ಐದು ಕೆಲಸದ ದಿನದಲ್ಲಿ ಬದಲಿಸಬಹುದು. ನಿಗದಿತ ಅವಧಿಯ ಒಪ್ಪಂದವಾದರೆ ಕೊನೆಯ 49 ದಿನಗಳಲ್ಲಿ ಎಕ್ಸಿಟ್ ಫೀ ಕೂಡ ಇಲ್ಲ. ಹಾಗೆ ಸಲೀಸಾಗಿ ಹೊರಬರುವ ಹಕ್ಕನ್ನು ಈ ಕಟ್ಟು ಮತ್ತೆ ಗೋಜಲು ಮಾಡುತ್ತದೆ.

ಎರಡನೆಯದು ದಾಕ್ಷಿಣ್ಯ. ಊರಲ್ಲಿ ನಮ್ಮಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂರು ಎಲ್‌ಐಸಿ ಪಾಲಿಸಿ ಇದ್ದವು. ಮೂರನ್ನೂ ಮಾಡಿಸಿದ್ದು ನೆಂಟರು. ಒಂದರ ಷರತ್ತನ್ನಾದರೂ ಅಪ್ಪ ಓದಿದ್ದರೆಂದು ನನಗನ್ನಿಸುವುದಿಲ್ಲ. ಮನೆಗೆ ಬಂದವರಿಗೆ ಇಲ್ಲ ಎನ್ನಲಾಗದೆ ಸಹಿ ಹಾಕಿದ್ದರು. ಹಿಂದೆ ಇಲ್ಲಿ ಮನೆಬಾಗಿಲಿಗೆ ಬಂದು ಮಾರುವವರು ಅಪರಿಚಿತರಾಗಿದ್ದರು. ತಪ್ಪು ಮಾಹಿತಿ ಕೊಟ್ಟು ಮಾರಿದ್ದಕ್ಕೆ 2013ರಲ್ಲಿ ಎಸ್‌ಎಸ್‌ಇ ಕಂಪನಿಗೆ ಆಫ್‌ಜೆಮ್ 105 ಲಕ್ಷ ಪೌಂಡ್ ದಂಡ ಹಾಕಿತು. ಅಪರಿಚಿತರಾದರೆ ಬಾಗಿಲು ಹಾಕಿಕೊಳ್ಳಬಹುದು. ಹೊಸ ದೇಶದಲ್ಲಿ ಕೈಹಿಡಿದು ನಡೆಸಿದ ಗೆಳೆಯನ ಮುಂದೆ ಬಾಗಿಲು ಹಾಕುವುದು ಹೇಗೆ? ಆ ಸಂಕೋಚವೇ ಈ ವ್ಯಾಪಾರದ ಬಂಡವಾಳ. ಊಟ ಮುಗಿದ ಮೇಲೆ ಅವನು, ‘ನೀನೂ ಸೇರ್ಕೊಳ್ಳೋ, ನಿಮ್ಮ ಆಫೀಸಿನಲ್ಲೇ ಎಷ್ಟು ಜನ ಕನ್ನಡದವರಿದ್ದಾರೆ’ ಎಂದಾಗ ನನಗೆ ನಿಜವಾಗಿ ಬೇಸರವಾಯಿತು. ನನ್ನ ಕೆಳಗೆ ಸೇರಿದವರ ಬಿಲ್ಲಿನಲ್ಲೂ ಅವನಿಗೆ ಪಾಲು. ಹಾಗೆ ಸೇರಿಕೊಂಡರೆ ನಾಳೆ ನನ್ನ ದರ ಏರಿದರೂ ಇದು ದುಬಾರಿ ಎಂದು ನಾಲ್ಕು ಜನರೆದುರು ಬಾಯಿಬಿಡಲಾರೆ. ನಾನೇ ಅವರನ್ನು ಕರೆತಂದಿರುತ್ತೇನಲ್ಲ.

ಅವತ್ತು ಸಹಿ ಹಾಕಲಿಲ್ಲ. ಮನೆಗೆ ಬಂದು ಮಾಡಿಸುವ ಒಪ್ಪಂದವನ್ನು 14 ದಿನದೊಳಗೆ ರದ್ದು ಮಾಡಬಹುದು, ‘ಈಗ ಹಾಕಿ ಆಮೇಲೆ ನೋಡು’ ಎಂದು ಅವನು ಒತ್ತಾಯಿಸಿದ. ಅವನಿಗೆ ಇವತ್ತು ಇಲ್ಲ ಎನ್ನುವುದೇ ಕಷ್ಟವಾಗಿರುವಾಗ, ಹೂಂ ಎಂದು ಹತ್ತು ದಿನ ಬಿಟ್ಟು ಬೇಡ ಎನ್ನುವುದು ನನ್ನಿಂದ ಆಗದ ಮಾತು. ಮಾರನೆಯ ಸಂಜೆ ಗುಣಾಕಾರದ ಹಾಳೆಯ ಫೋಟೊ ಕಳಿಸಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಈ ಲೆಕ್ಕ ಹೇಗೆ ಮಾಡ್ದೆ, ಇನ್ನೊಂದ್ಸಲ ಹೇಳು’ ಎಂದ. ಹೇಳಿದೆ. ನಮ್ಮ ಬ್ರಾಡ್‌ಬ್ಯಾಂಡ್ ಒಪ್ಪಂದ ಆ ನವೆಂಬರಿನಲ್ಲಿ ಮುಗಿಯಲಿತ್ತು. ಆಗ ಅವನ ದರವನ್ನೂ ತರಿಸಿಕೊಂಡು, ಇನ್ನು ಮೂರು ಕಂಪನಿಗಳ ದರದ ಪಕ್ಕದಲ್ಲಿ ಬರೆದು ನೋಡುವುದೆಂದು ಇಬ್ಬರೂ ಒಪ್ಪಿದೆವು.